ಹಾಲುಣಿಸುವ ತಾಯಿ ಮತ್ತು ಒತ್ತಡದ ಹಾರ್ಮೋನು

ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಎದೆ ಡವಡವ ಹೊಡೆದುಕೊಳ್ಳುವುದು ನಮಗೆಲ್ಲ ಗೊತ್ತೇ ಇದೆ. ಅದು ಅಡ್ರಿನಲಿನ್ ಕೆಲಸ. ಅದರ ಬೆನ್ನಿಗೇ ಇನ್ನೊಂದು ಸರಪಳಿ ಶುರುವಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಬಿಡುವ ಎಸಿಟಿಎಚ್, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಹೊರಡಿಸುತ್ತದೆ.

ನನ್ನ ಆಪಾ ಬಾಣಂತನಕ್ಕೆಂದು ಭದ್ರಾವತಿಯ ನಮ್ಮ ಮನೆಗೆ ಬಂದಿದ್ದಾರೆ. ಮಗುವನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು, "ಹಾಲು ಸಾಲುತ್ತಾ?" ಎಂದು. ಈ ಪ್ರಶ್ನೆಯೇ ನನ್ನನ್ನು ಈ ವಿಷಯ ಓದಲು ಹಚ್ಚಿತು.

ಮಗು ಹಾಲು ಚೀಪುವಾಗ ತಾಯಿಯ ಪಿಟ್ಯುಟರಿ ಎರಡು ಹಾರ್ಮೋನು ಬಿಡುತ್ತದೆ. ಪ್ರೊಲ್ಯಾಕ್ಟಿನ್ ಹಾಲು ಉತ್ಪಾದನೆಗೆ ಬೇಕು. ಆಕ್ಸಿಟೋಸಿನ್ ಹಾಲನ್ನು ಹೊರಕ್ಕೆ ಇಳಿಸುತ್ತದೆ. ಇವೆರಡೂ ಮಿದುಳಿನಲ್ಲಿ ಒತ್ತಡದ ಸೂಚನೆಯನ್ನು ತಗ್ಗಿಸುತ್ತವೆ ಎಂದು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ.

ಮನುಷ್ಯರಲ್ಲೂ ಇದನ್ನು ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಾಯಂದಿರನ್ನು ಟ್ರೆಡ್‌ಮಿಲ್ ಮೇಲೆ ವ್ಯಾಯಾಮ ಮಾಡಿಸಿದಾಗ, ಹಾಲುಣಿಸುತ್ತಿದ್ದವರಲ್ಲಿ ಎಸಿಟಿಎಚ್ ಮತ್ತು ಕಾರ್ಟಿಸಾಲ್ ಕಡಿಮೆ ಏರಿದವು. 2001ರ ಅಧ್ಯಯನದಲ್ಲಿ ಹಾಲುಣಿಸುವ ತಾಯಂದಿರು ಜನರೆದುರು ನಿಂತು ಮಾತಾಡಬೇಕಿತ್ತು, ಬಾಯಿಲೆಕ್ಕ ಮಾಡಬೇಕಿತ್ತು. ಅದಕ್ಕೆ ಸ್ವಲ್ಪ ಮುಂಚೆ ಮಗುವಿಗೆ ಹಾಲುಣಿಸಿದ್ದವರಲ್ಲಿ, ಮಗುವನ್ನು ಬರೀ ಎತ್ತಿಕೊಂಡಿದ್ದವರಿಗಿಂತ ಕಾರ್ಟಿಸಾಲ್ ಕಡಿಮೆ ಏರಿತು.

ಇದರಿಂದ ದೇಹಕ್ಕೇನು ಲಾಭ? ಹಾಲಿಗಾಗಿ ತಾಯಿಗೆ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ಬೇಕು. ಸಣ್ಣಪುಟ್ಟ ಗಾಬರಿಗೆಲ್ಲ ಆ ಶಕ್ತಿ ಪೋಲಾಗಬಾರದು. ಹಾಗೆಂದು ತಾಯಿ ಮೈಮರೆಯುವುದಿಲ್ಲ. ಮರಿಗಳಿಗೇ ಅಪಾಯ ಬಂದರೆ ತಾಯಿಲಿಯ ಒತ್ತಡದ ಪ್ರತಿಕ್ರಿಯೆ ಮತ್ತೆ ಜೋರಾಗುತ್ತದೆ.

ಆದರೆ ಒತ್ತಡವೂ ಹಾಲನ್ನು ತಡೆಯಬಲ್ಲದು. ಹಸು ಕರೆಯುವವರಿಗೆ ಇದು ಹೊಸದಲ್ಲ: ಬೆದರಿದ ಹಸು ಕೆಚ್ಚಲಲ್ಲಿ ಹಾಲಿದ್ದರೂ ಇಳಿಸುವುದಿಲ್ಲ. 1941ರಲ್ಲಿ ಅಮೆರಿಕದ ಇಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲ ಒಡೆದು ಇದನ್ನು ಪರೀಕ್ಷಿಸಿದರು. ಅಡ್ರಿನಲಿನ್ ಚುಚ್ಚಿದಾಗಲೂ ಹಾಲು ಇಳಿಯಲಿಲ್ಲ. ತಾಯಂದಿರಲ್ಲೂ ನೋವು, ಆತಂಕ ಹೆಚ್ಚಿದರೆ ಆಕ್ಸಿಟೋಸಿನ್ ಬಿಡುಗಡೆಗೆ ಅಡ್ಡಿಯಾಗುತ್ತದೆ.

ಹಾಗಾಗಿ "ಹಾಲು ಸಾಲುತ್ತಿಲ್ಲ" ಎಂದು ಬಾಣಂತಿಯನ್ನು ಹೆದರಿಸುವುದರಿಂದ ಉಪಯೋಗವಿಲ್ಲ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದೇ ಅರ್ಥ. ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಬಹುದು.

ಇನ್ನೊಂದು ಮಾತು. ಹಾಲುಣಿಸುವುದೇ ಚಿಂತೆಗೆ ಮದ್ದಲ್ಲ. ಹಾಲುಣಿಸುವ ತಾಯಿಗೂ ಹೆರಿಗೆಯ ನಂತರದ ಖಿನ್ನತೆ ಬರಬಹುದು. ಹಾಲುಣಿಸಲು ಆಗದ ತಾಯಿಯದು ತಪ್ಪೂ ಅಲ್ಲ. ಎರಡು ವಾರ ಕಳೆದರೂ ದುಃಖ, ನಿರಾಸಕ್ತಿ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ, ಕರೆ ಉಚಿತ.

ಕುರ್‌ಆನಿನ ಅಲ್‌ಬಕರಾ ಅಧ್ಯಾಯದ 233ನೇ ವಚನ ಎರಡು ವರ್ಷದ ಹಾಲೂಡಿಕೆಯ ಬಗ್ಗೆ ಹೇಳುತ್ತದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅದೇ ವಚನ ತಾಯಿಯ ಊಟ, ಬಟ್ಟೆಯ ಹೊಣೆಯನ್ನು ತಂದೆಗೆ ವಹಿಸುತ್ತದೆ. ಮಗುವಿನ ಬಟ್ಟೆ ಒಗೆಯುವುದು, ತಾಯಿ ಮಲಗಿದಾಗ ಮಗುವನ್ನು ನೋಡಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಊಟ ಕೊಡುವುದು ನಮ್ಮಂಥ ತಮ್ಮ ತಂಗಿಯರೂ ಮಾಡಬಹುದಾದ ಕೆಲಸಗಳು.