ಅಧ್ಯಾಪಕರೂ ವಿದ್ಯಾರ್ಥಿಗಳ ತರಗತಿಯಾಚೆಯ ಬಾಳೂ

ವಿಶ್ವವಿದ್ಯಾನಿಲಯದ ಮುಖ್ಯಾಧಿಕಾರಿಯನ್ನು ನಾವು ಕನ್ನಡದಲ್ಲಿ ‘ಕುಲಪತಿ’ ಎಂದು ಕರೆಯುತ್ತೇವೆ. ಆಂಗ್ಲ ಪದವಿಯೊಂದಕ್ಕೆ ಹುಡುಕಿದ ಸಮಾನಪದವಿದು ಎಂದು ಭಾವಿಸಿ ಮುಂದೆ ಸಾಗುವವರೇ ಹೆಚ್ಚು. ಆದರೆ ಆ ಶಬ್ದಕ್ಕೆ ನಮ್ಮ ಹಿಂದಿನವರು ಕೊಟ್ಟ ಲಕ್ಷಣವನ್ನು ಒಮ್ಮೆ ನೆನೆಯುವುದು ಉಚಿತ. ಹತ್ತು ಸಾವಿರ ಮಂದಿ ಶಿಷ್ಯರಿಗೆ ಅನ್ನಪಾನಾದಿಗಳನ್ನಿತ್ತು ಪೋಷಿಸುತ್ತ ಅವರಿಗೆ ವಿದ್ಯೆಯನ್ನೂ ಕಲಿಸುವವನು ಯಾವನೋ ಅವನೇ ಕುಲಪತಿ. ಇಲ್ಲಿ ಗಮನಿಸಬೇಕಾದುದು ಹತ್ತು ಸಾವಿರವೆಂಬ ಸಂಖ್ಯೆಯನ್ನಲ್ಲ. ಪೋಷಣೆ, ಅಧ್ಯಾಪನ ಎಂಬೆರಡು ಕ್ರಿಯೆಗಳಿಗೆ ಕರ್ತೃ ಒಬ್ಬನೇ ಆಗಿರುವುದನ್ನು. ಇಂದು ಶಬ್ದ ಉಳಿದಿದೆ, ಅದರೊಳಗಿನ ಜೋಡಣೆ ಬಿಚ್ಚಿಹೋಗಿದೆ. ಪಾಠ ಅಧ್ಯಾಪಕರ ಪಾಲಿಗೆ ಬಂದಿತು. ಊಟ ವಸತಿಗಳು ವಾರ್ಡನ್ನರ ಪಾಲಿಗೆ. ವಿದ್ಯಾರ್ಥಿವೇತನ ಕಚೇರಿಯ ಗುಮಾಸ್ತರ ಪಾಲಿಗೆ. ಮನಸ್ಸಿನ ಸಂಕಟ ಆಪ್ತಸಮಾಲೋಚಕರು ಇದ್ದಲ್ಲಿ ಅವರ ಪಾಲಿಗೆ, ಇಲ್ಲದಿದ್ದಲ್ಲಿ ಯಾರ ಪಾಲಿಗೂ ಇಲ್ಲ. ವಿದ್ಯಾರ್ಥಿ ಮಾತ್ರ ಇನ್ನೂ ಅಖಂಡವಾಗಿಯೇ ಇದ್ದಾನೆ. ಹೀಗೆ ಬೇರೆಬೇರೆಯಾದ ಕಾರ್ಯಗಳನ್ನು ಮತ್ತೆ ಹೆಣೆಯುವುದಕ್ಕೆ ನಮ್ಮ ದೇಶದಲ್ಲಿ ಯಾವ ಯಾವ ಪ್ರಯತ್ನಗಳು ನಡೆದವು, ಅವು ಎಲ್ಲಿ ಫಲಿಸಿದವು, ಎಲ್ಲಿ ಬರಿಯ ಕಾಗದದಲ್ಲಿ ಉಳಿದವು ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದಾಗ ‘ವಿದ್ಯಾರ್ಥಿ ಕ್ಷೇಮಪಾಲನೆ’ ಎಂಬ ಹೆಸರಿನ ಇಲಾಖೆಗಳು ಯಾರ ಕಲ್ಪನೆಯಲ್ಲಿಯೂ ಇರಲಿಲ್ಲ. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಇದ್ದುದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಆ ಏಳು ಮನೆಗಳಲ್ಲಿ ಒಂದು ಎಷ್ಟೋ ವೇಳೆ ಅಧ್ಯಾಪಕರದೇ ಆಗಿರುತ್ತಿತ್ತು. ಈ ವ್ಯವಸ್ಥೆಯನ್ನು ಹೊಗಳುವಾಗ ನಾವು ಒಂದು ಮಾತನ್ನು ಮರೆಯಬಾರದು: ವಾರಾನ್ನದ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ನಾಡಿನಲ್ಲಿ ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡವು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾಮಠ, ಮೈಸೂರಿನಲ್ಲಿ ಸುತ್ತೂರು ಮಠಗಳ ಪ್ರಸಾದನಿಲಯಗಳ ವಿಷಯ ವಾಚಕರಿಗೆ ತಿಳಿದೇ ಇದೆಯಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಅನ್ನದ ಚಿಂತೆಯನ್ನು ಅವು ನೀಗಿದವು. ಆದರೆ ನಿಲಯದಲ್ಲಿ ಉಣ್ಣುವ ಹುಡುಗ ಕಾಲೇಜಿನಲ್ಲಿ ಹೇಗಿದ್ದಾನೆಂದು ನಿಲಯದವರಿಗೆ ತಿಳಿಯದು, ಕಾಲೇಜಿನಲ್ಲಿ ಕುಳಿತ ಹುಡುಗ ನಿಲಯದಲ್ಲಿ ಹೇಗಿದ್ದಾನೆಂದು ಅಧ್ಯಾಪಕರಿಗೆ ತಿಳಿಯದು ಎಂಬ ಹೊಸ ಅಂತರವೊಂದು ಆಗಲೇ ಮೊಳೆಯಿತೆಂದು ಹೇಳಬೇಕಾಗುತ್ತದೆ.

ಆ ಅಂತರವನ್ನು ತಮ್ಮ ವ್ಯಕ್ತಿತ್ವದಿಂದಲೇ ದಾಟಿದ ಅಧ್ಯಾಪಕರು ಇದ್ದರು. ಸರ್ವಪಲ್ಲಿ ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ನಿಲ್ದಾಣಕ್ಕೆ ಮುಟ್ಟಿಸಿದ ಸಂಗತಿ ಲೋಕವಿದಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿ, ತರಗತಿಯ ಹೊರಗೆ ಗುರುಶಿಷ್ಯರು ಸಮಾನಾಸಕ್ತಿಯಿಂದ ಕೂಡುವ ಒಂದು ನೆಲೆಯನ್ನು ನಿರ್ಮಿಸಿದರು. ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕಾದ ಮತ್ತೊಂದು ಹೆಸರು ಟಿ. ಎಸ್. ವೆಂಕಣ್ಣಯ್ಯನವರದು. ಅವರು ಬರೆದುದು ಸ್ವಲ್ಪ, ಬರೆಯಿಸಿದುದು ಬಹಳ. ಅವರು 1939ರಲ್ಲಿ ತೀರಿಕೊಂಡರು. ಶಿಷ್ಯರಾದ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದುದು ಯಾವ ಅರಸನಿಗೂ ಅಲ್ಲ, ಆಗಲೇ ಕಾಲವಾಗಿದ್ದ ಆ ಅಧ್ಯಾಪಕರಿಗೆ.

ಇವೆಲ್ಲ ವ್ಯಕ್ತಿಗಳ ಸಾಧನೆಗಳು. ವಿದ್ಯಾರ್ಥಿಗಳ ಸಂಖ್ಯೆ ನೂರರಿಂದ ಸಾವಿರಕ್ಕೆ, ಸಾವಿರದಿಂದ ಲಕ್ಷಕ್ಕೆ ಏರಿದಾಗ ವ್ಯಕ್ತಿಯ ಔದಾರ್ಯವೊಂದನ್ನೇ ನಂಬಿ ಕೂರಲಾಗದು, ವ್ಯವಸ್ಥೆ ಬೇಕಾಗುತ್ತದೆ. ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ 1948–49ರಲ್ಲಿ ಅಧ್ಯಕ್ಷರಾದವರು ಅದೇ ರಾಧಾಕೃಷ್ಣನ್ನರು. ವಿದ್ಯಾರ್ಥಿಗಳ ಚಟುವಟಿಕೆ ಹಾಗೂ ಕ್ಷೇಮಗಳನ್ನು ಆ ಆಯೋಗವು ಪ್ರತ್ಯೇಕವಾಗಿ ಪರಿಶೀಲಿಸಿತು. ಆದರೆ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾದ ಮಾತನ್ನಾಡಿದುದು 1964–66ರ ಕೊಠಾರಿ ಆಯೋಗ. ವಿದ್ಯಾರ್ಥಿಸೇವೆಗಳೆಂಬುವು ದಯೆಯಿಂದ ನೀಡುವ ಕ್ಷೇಮಕಾರ್ಯಗಳಲ್ಲ, ಶಿಕ್ಷಣದ ಅವಿಭಾಜ್ಯ ಅಂಗಗಳು ಎಂಬುದು ಅದರ ನಿಲುವು. ಹೊಸಬರಿಗೆ ಪರಿಚಯ ಕಾರ್ಯಕ್ರಮ, ಆರೋಗ್ಯ, ವಸತಿ, ಮಾರ್ಗದರ್ಶನ, ಧನಸಹಾಯ, ಇವುಗಳನ್ನು ನೋಡಿಕೊಳ್ಳಲು ಪೂರ್ಣಕಾಲಿಕ ಡೀನ್, ಸಾವಿರ ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಸಮಾಲೋಚಕ, ಇಷ್ಟನ್ನೂ ಆಯೋಗವು ಸೂಚಿಸಿತು. ಆ ಸೂಚನೆ ಹೊರಬಂದು ಅರುವತ್ತು ವರ್ಷಗಳ ಅನಂತರ, 2025ರ ಜುಲೈ ತಿಂಗಳಲ್ಲಿ, ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯೂ ಒಬ್ಬ ಅರ್ಹ ಸಮಾಲೋಚಕರನ್ನಾಗಲಿ ಮನಶ್ಶಾಸ್ತ್ರಜ್ಞರನ್ನಾಗಲಿ ನಿಯಮಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆದೇಶಿಸಬೇಕಾಯಿತು. ಆಯೋಗದ ಮಾತನ್ನು ನಾವು ಎಷ್ಟು ಮಟ್ಟಿಗೆ ಕೇಳಿದೆವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ನಡುವೆ ಒಂದು ಯೋಜನೆ ಮಾತ್ರ ಅಧ್ಯಾಪಕರನ್ನು ನಿಜವಾಗಿಯೂ ತರಗತಿಯಿಂದ ಹೊರಕ್ಕೆ ಕರೆತಂದಿತು. ಅದು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು ಆರಂಭಿಸಿದರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರೂ ಅವರೇ. ಮೊದಲ ವರ್ಷ ಸೇರಿದ ಸ್ವಯಂಸೇವಕರ ಸಂಖ್ಯೆ 40,000. ಘಟಕಕ್ಕೊಬ್ಬ ಕಾರ್ಯಕ್ರಮಾಧಿಕಾರಿ, ಆತ ಕಾಲೇಜಿನ ಅಧ್ಯಾಪಕನೇ ಆಗಿರುತ್ತಾನೆ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು; ಜೊತೆಗೆ ದತ್ತು ಪಡೆದ ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರ. ಚರಂಡಿ ತೋಡಿದುದು, ಗಿಡ ನೆಟ್ಟುದು, ಜಾಥಾ ಹೊರಟುದು ವರದಿಗಳಲ್ಲಿ ಬರುತ್ತವೆ. ವರದಿಗೆ ಬಾರದ ಫಲವೊಂದಿದೆ. ಏಳು ದಿನ ಅಧ್ಯಾಪಕನೂ ವಿದ್ಯಾರ್ಥಿಗಳೂ ಊರಿನ ಶಾಲೆಯ ಜಗಲಿಯಲ್ಲಿ ಒಟ್ಟಿಗೆ ಮಲಗುತ್ತಾರೆ, ಒಂದೇ ಒಲೆಯ ಅಡುಗೆಯನ್ನು ಉಣ್ಣುತ್ತಾರೆ. ಯಾರು ರಾತ್ರಿ ನಿದ್ರಿಸುವುದಿಲ್ಲ, ಯಾರು ಊಟ ಬಿಟ್ಟು ಎದ್ದುಹೋಗುತ್ತಾರೆ, ಯಾರಿಗೆ ಮನೆಯಿಂದ ಸುದ್ದಿಯೇ ಬರುವುದಿಲ್ಲ ಎಂಬುದು ಮೂರನೆಯ ದಿನಕ್ಕೆ ಅಧ್ಯಾಪಕನಿಗೆ ತಾನಾಗಿ ತಿಳಿಯುತ್ತದೆ. ಮೂರು ವರ್ಷ ಪಾಠ ಹೇಳಿದರೂ ತಿಳಿಯದುದು ಹೀಗೆ ತಿಳಿಯುವುದುಂಟು. ಶಿಬಿರದ ಅಧಿಕಾರಿಯಾಗುವುದನ್ನು ಹೊರೆಯೆಂದು ತಿಳಿದು ಅದನ್ನು ಕಿರಿಯ ಅಧ್ಯಾಪಕರ ಹೆಗಲಿಗೆ ವರ್ಗಾಯಿಸುವ ರೂಢಿ ಅನೇಕ ಕಾಲೇಜುಗಳಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಹಿರಿಯರು ತಮಗಾದ ನಷ್ಟವನ್ನು ಅರಿಯರು.

ಅಧ್ಯಾಪಕ–ವಿದ್ಯಾರ್ಥಿ ಸಂಬಂಧಕ್ಕೆ ನಿಯಮದ ಬಲ ಬಂದುದು ಒಂದು ದುರಂತದಿಂದ. ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ 2009ರ ಮಾರ್ಚಿಯಲ್ಲಿ ಹೊಸ ವಿದ್ಯಾರ್ಥಿಯೊಬ್ಬನು ರ‍್ಯಾಗಿಂಗಿಗೆ ಬಲಿಯಾದನು. ಅದೇ ವರ್ಷ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ‍್ಯಾಗಿಂಗ್ ತಡೆಯ ನಿಯಮಾವಳಿಯನ್ನು ಹೊರಡಿಸಿತು. ಅದರ ಶಿಕ್ಷೆಯ ಭಾಗ ಎಲ್ಲರಿಗೂ ಗೊತ್ತು. ಆದರೆ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪನ್ನು ಒಬ್ಬೊಬ್ಬ ಅಧ್ಯಾಪಕರಿಗೆ ಒಪ್ಪಿಸಬೇಕು, ಆ ಅಧ್ಯಾಪಕರು ಪ್ರತಿಯೊಬ್ಬನೊಡನೆಯೂ ದಿನವೂ ಮಾತನಾಡಿ ಕಷ್ಟಸುಖ ವಿಚಾರಿಸಬೇಕು ಎಂಬ ವಿಧಿಯೂ ಅದರಲ್ಲಿದೆ. ಮಾನ್ಯತಾ ಪರಿಶೀಲನೆಗೆ ಬರುವ ನ್ಯಾಕ್ ತಂಡವೂ ಮಾರ್ಗದರ್ಶಕ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇರುವ ಅನುಪಾತವನ್ನು ಕೇಳುತ್ತದೆ. ಇದರಿಂದಾಗಿ ಪ್ರತಿ ಕಾಲೇಜಿನಲ್ಲಿಯೂ ‘ಮೆಂಟರ್ ಪುಸ್ತಕ’ ಎಂಬುದೊಂದು ಸಿದ್ಧವಾಗಿರುತ್ತದೆ. ಪರಿಶೀಲನೆಯ ವಾರದಲ್ಲಿ ಒಂದೇ ಲೇಖನಿಯಿಂದ ಒಂದೇ ಸಂಜೆ ತುಂಬಿದ ಪುಸ್ತಕಗಳೂ ಅವುಗಳಲ್ಲಿ ಇಲ್ಲದಿಲ್ಲ.

ಇದನ್ನು ಕೇವಲ ಅಧ್ಯಾಪಕರ ಉದಾಸೀನವೆಂದು ದೂರುವುದು ನ್ಯಾಯವಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಬರುವ ವರ್ಷ ತಾವೇ ಅಲ್ಲಿರುತ್ತೇವೆಯೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಮೂರು ವರ್ಷದ ಮಾರ್ಗದರ್ಶನದ ಭರವಸೆಯನ್ನು ಹೇಗೆ ಕೊಟ್ಟಾರು? ಖಾಯಂ ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ವಿದ್ಯಾರ್ಥಿ ಸಂಬಂಧಿ ಚಟುವಟಿಕೆಗಳಿಗೆ 2018ರ ನಿಯಮಗಳು ಸ್ಥಾನ ಕೊಟ್ಟಿವೆಯೇನೋ ನಿಜ. ಆದರೆ ಪ್ರಬಂಧಕ್ಕೆ ದೊರೆಯುವ ಅಂಕ ಎಣಿಕೆಗೆ ಸುಲಭ, ಅಳುತ್ತಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತ ಒಂದು ಗಂಟೆಗೆ ಅಂಕವಿಲ್ಲ. ಇನ್ನೊಂದು ಕಾರಣ ಅಳುಕು. ‘ನಾನು ಇತಿಹಾಸ ಓದಿದವನು, ಮನಸ್ಸಿನ ವೈದ್ಯನಲ್ಲ, ಏನಾದರೂ ಹೇಳಿ ಕೆಡಿಸಿಬಿಟ್ಟರೆ?’ ಎಂದು ಪ್ರಾಮಾಣಿಕರಾದ ಅಧ್ಯಾಪಕರೇ ಹಿಂಜರಿಯುತ್ತಾರೆ.

ಈ ಅಳುಕಿಗೆ ಉತ್ತರವಿದೆ. ಅಧ್ಯಾಪಕನು ಚಿಕಿತ್ಸಕನಾಗಬೇಕೆಂದು ಯಾರೂ ಹೇಳುವುದಿಲ್ಲ. ಅವನಿಂದ ಅಪೇಕ್ಷಿತವಾದುವು ಮೂರೇ: ಕಾಣುವುದು, ಕೇಳುವುದು, ಸರಿಯಾದ ಬಾಗಿಲಿಗೆ ಜೊತೆಯಲ್ಲಿ ನಡೆದುಹೋಗುವುದು. ಕಾಣುವುದಕ್ಕೆ ಬೇಕಾದ ಸಾಧನವು ಅವನ ಕೈಯಲ್ಲಿಯೇ ಇದೆ. ಅದು ಹಾಜರಿ ಪುಸ್ತಕ.

ಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಪಿ.ಯು.ಸಿ.ಯವರೆಗೆ ಕನ್ನಡದಲ್ಲಿ ಓದಿದವನಿಗೆ ಪದವಿಯಲ್ಲಿ ಪಾಠ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದೆ. ವಸತಿನಿಲಯದಲ್ಲಿ ಸೀಟು ದೊರೆತಿಲ್ಲ, ಬಸ್ಸಿನಲ್ಲಿ ಬಂದುಹೋಗುತ್ತಾನೆ. ವಿದ್ಯಾರ್ಥಿವೇತನದ ಅರ್ಜಿ ಆಧಾರ್ ಹೆಸರಿನ ಒಂದು ಅಕ್ಷರ ಕೂಡದೆ ನಿಂತಿದೆ. ಮೊದಲ ತಿಂಗಳು ಎಲ್ಲ ತರಗತಿಗೂ ಬರುತ್ತಾನೆ. ಎರಡನೆಯ ತಿಂಗಳು ಬೆಳಗಿನ ಮೊದಲ ಅವಧಿ ತಪ್ಪುತ್ತದೆ. ಆಮೇಲೆ ಸೋಮವಾರಗಳು. ಆಮೇಲೆ ಇಡೀ ವಾರ. ಇಷ್ಟೂ ಹಾಜರಿ ಪುಸ್ತಕದಲ್ಲಿ ದಿನದಿನವೂ ದಾಖಲಾಗಿದೆ. ಆದರೆ ಆ ಪುಸ್ತಕವನ್ನು ನಾವು ಓದುವುದು ಸೆಮಿಸ್ಟರಿನ ಕೊನೆಯಲ್ಲಿ, ಶೇಕಡ 75 ತುಂಬದವರ ಪಟ್ಟಿಯನ್ನು ಫಲಕಕ್ಕೆ ಅಂಟಿಸುವ ಸಲುವಾಗಿ. ಒಂದು ಬಾಳಿನ ಇಳಿಜಾರನ್ನು ಇಷ್ಟು ಕ್ರಮವಾಗಿ ಬರೆದಿಟ್ಟು, ಅದನ್ನು ಶಿಕ್ಷೆಗೆ ಮಾತ್ರ ಬಳಸುವುದು ವಿಚಿತ್ರವಲ್ಲವೆ? ತಿಂಗಳಿಗೊಮ್ಮೆ ಆ ಪುಟವನ್ನು ಓದಿ, ಸತತವಾಗಿ ತಪ್ಪಿಸಿಕೊಂಡವರನ್ನು ಹೆಸರು ಹಿಡಿದು ‘ಏನಪ್ಪಾ, ಮನೆಯಲ್ಲಿ ಎಲ್ಲ ಕ್ಷೇಮವೆ?’ ಎಂದು ವಿಚಾರಿಸುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಕೇಳಿದಾಗ ಬರುವ ಉತ್ತರಗಳಲ್ಲಿ ಬಹುಪಾಲು ಮನೋವ್ಯಾಧಿಗೆ ಸಂಬಂಧಿಸಿದುವೇ ಅಲ್ಲ. ಬಸ್ಸಿನ ಪಾಸು, ಪರೀಕ್ಷಾ ಶುಲ್ಕ, ಒಡಹುಟ್ಟಿದವಳ ಮದುವೆಯ ಸಾಲ, ರಾತ್ರಿಯ ಕೂಲಿ ಕೆಲಸ. ಇಲ್ಲಿಯೇ ಅಧ್ಯಾಪಕನ ತಿಳಿವಳಿಕೆ ಉಪಯೋಗಕ್ಕೆ ಬರುವುದು. ವಸತಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ವಸತಿಯ ನೆರವು ನೀಡುವ ‘ವಿದ್ಯಾಸಿರಿ’ ಎಂಬ ಯೋಜನೆ ಕರ್ನಾಟಕದಲ್ಲಿದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಅದಕ್ಕೆ ಅರ್ಜಿ ಹಾಕಬೇಕು. ಅಂಗವಿಕಲ ವಿದ್ಯಾರ್ಥಿಗೆ 2016ರ ಕಾನೂನಿನಡಿ ಹಕ್ಕಾಗಿ ದೊರೆಯುವ ಸೌಲಭ್ಯಗಳಿವೆ. ಲೈಂಗಿಕ ಕಿರುಕುಳದ ದೂರನ್ನು ಕೇಳಲು ಪ್ರತಿ ಸಂಸ್ಥೆಯಲ್ಲಿಯೂ ಆಂತರಿಕ ಸಮಿತಿ ಇರಲೇಬೇಕೆಂಬುದು 2013ರ ಕಾನೂನಿನಿಂದ ಬಂದ ಕಟ್ಟಳೆ. ಇವುಗಳ ಹೆಸರನ್ನೂ ಕಡೆಯ ದಿನಾಂಕವನ್ನೂ ಬಲ್ಲ ಒಬ್ಬ ಅಧ್ಯಾಪಕನು ಹತ್ತು ಉಪದೇಶಗಳಿಗಿಂತ ಹೆಚ್ಚು ಉಪಕಾರಿ. ‘ಕಚೇರಿಗೆ ಹೋಗಿ ವಿಚಾರಿಸು’ ಎನ್ನುವುದಕ್ಕೂ, ‘ಬಾ, ಹೋಗೋಣ’ ಎಂದು ಎದ್ದು ನಿಲ್ಲುವುದಕ್ಕೂ ಇರುವ ಅಂತರವನ್ನು ಕಚೇರಿಯ ಕಿಟಕಿಯ ಮುಂದೆ ನಿಂತು ಬಲ್ಲವರು ಬಲ್ಲರು.

ಉಳಿದ ಕೆಲವರ ಸಂಕಟ ನಿಜವಾಗಿಯೂ ಆಳವಾದುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಈ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044 ಮಂದಿ. ಅದರ ಹಿಂದಿನ ವರ್ಷ 13,089. ಇಂಥ ಮಾತಿನ ಸುಳಿವು ಕಂಡರೆ ‘ಹಾಗೆಲ್ಲ ಯೋಚಿಸಬೇಡ’ ಎಂದು ಬಾಯಿ ಮುಚ್ಚಿಸುವುದು ತಪ್ಪು. ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲವೆಂದು ತಜ್ಞರು ಸ್ಪಷ್ಟಪಡಿಸಿದ್ದಾರೆ. ಕೇಳಿಸಿಕೊಂಡು, ಒಬ್ಬಂಟಿಯಾಗಿ ಬಿಡದೆ, ಸಮಾಲೋಚಕರ ಅಥವಾ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಮಾಲೋಚಕರಿಲ್ಲದ ಊರಿನಲ್ಲಿಯೂ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ವಿದ್ಯಾರ್ಥಿ ನಂಬಿ ಹೇಳಿದುದನ್ನು ಅಧ್ಯಾಪಕರ ಕೊಠಡಿಯ ಚಹದ ಹೊತ್ತಿನ ಮಾತಾಗಿಸಬಾರದು. ಪ್ರಾಣಕ್ಕೆ ಅಪಾಯವಿದ್ದಾಗ ಮಾತ್ರ, ಅವನಿಗೆ ತಿಳಿಸಿಯೇ, ಸಂಬಂಧಪಟ್ಟವರಿಗೆ ಹೇಳಬೇಕಾಗುತ್ತದೆ.

ಇಷ್ಟಕ್ಕೂ ಕಾಲೇಜಿನ ಆಡಳಿತದವರು ಮಾಡಬಹುದಾದ ಒಂದು ಸುಲಭ ಕಾರ್ಯವಿದೆ. ವರ್ಷಾರಂಭದಲ್ಲಿ ಅಧ್ಯಾಪಕರು, ವಾರ್ಡನ್, ವಿದ್ಯಾರ್ಥಿವೇತನದ ಗುಮಾಸ್ತರು, ಗ್ರಂಥಪಾಲಕರು, ದೈಹಿಕ ಶಿಕ್ಷಣದ ನಿರ್ದೇಶಕರು ಇವರೆಲ್ಲ ಒಂದು ದಿನ ಒಂದೆಡೆ ಕುಳಿತು ಪರಸ್ಪರ ಮುಖಪರಿಚಯ ಮಾಡಿಕೊಳ್ಳಬೇಕು. ಒಂದೇ ಆವರಣದಲ್ಲಿ ಇಪ್ಪತ್ತು ವರ್ಷ ದುಡಿದ ಪ್ರಾಧ್ಯಾಪಕರಿಗೆ ನಿಲಯದ ಅಡುಗೆಯವರ ಹೆಸರು ಗೊತ್ತಿರುವುದಿಲ್ಲ. ಮೂರು ದಿನದಿಂದ ಯಾವ ಹುಡುಗನ ತಟ್ಟೆ ಖಾಲಿಯಿದೆಯೆಂಬುದು ಅಡುಗೆಯವರಿಗೆ ಗೊತ್ತಿರುತ್ತದೆ.