ಸೊನ್ನೆಯಿಂದ ನೂರಕ್ಕೆ: ಅರ್ಧ ಸೆಕೆಂಡಿನ ಹಿಂದಿನ ಭೌತವಿಜ್ಞಾನ

ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳಲು ಹೊರಟವರು ರೇಂಜ್ ವಿಚಾರಿಸಿದ ಮರುಗಳಿಗೆಗೇ ಕೇಳುವ ಪ್ರಶ್ನೆ, ‘ಪಿಕಪ್ ಹೇಗಿದೆ?’ ಎಂಬುದು. ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆಯಾಗಿ ಎರಡು ದೇಶೀ ವಾಹನಗಳಿವೆ: 2024ರ ನವೆಂಬರಿನಲ್ಲಿ ಅನಾವರಣಗೊಂಡ ಮಹೀಂದ್ರ ಎಕ್ಸ್‌ಇವಿ 9ಇ, 2025ರ ಜೂನ್‌ನಲ್ಲಿ ಬಂದ ಟಾಟಾ ಹ್ಯಾರಿಯರ್ ಇವಿ. ದೊಡ್ಡ ಬ್ಯಾಟರಿಯ ಮಹೀಂದ್ರ 6.8 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತದೆಂದು ಕಂಪನಿ ಹೇಳುತ್ತದೆ. ನಾಲ್ಕೂ ಚಕ್ರಗಳಿಂದ ಓಡುವ ಹ್ಯಾರಿಯರ್‌ಗೆ ಟಾಟಾ ಕೊಡುವ ಅಂಕಿ, ಬೂಸ್ಟ್ ಮೋಡ್‌ನಲ್ಲಿ, 6.3 ಸೆಕೆಂಡು.

ವ್ಯತ್ಯಾಸ ಅರ್ಧ ಸೆಕೆಂಡು. ರಸ್ತೆಯ ಮೇಲೆ ಅದೆಷ್ಟು? ವೇಗೋತ್ಕರ್ಷ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಎಂದಿಟ್ಟುಕೊಂಡರೆ, ಹ್ಯಾರಿಯರ್ ನೂರು ಮುಟ್ಟಿದ ಕ್ಷಣದಲ್ಲಿ ಮಹೀಂದ್ರದ ವೇಗ 92 ಕಿ.ಮೀ. ದಾಟಿರುತ್ತದೆ, ಅದು ಸುಮಾರು ಆರೂವರೆ ಮೀಟರ್ ಹಿಂದಿರುತ್ತದೆ. ಅಂದರೆ ಒಂದೂವರೆ ಕಾರಿನ ಉದ್ದಕ್ಕಿಂತ ಕಡಿಮೆ. ಅಳೆಯುವ ಪದ್ಧತಿ ಬದಲಾದರೆ ಇಷ್ಟು ಅಂತರದ ಬಹುಪಾಲು ಅಳಿಸಿಹೋಗಬಹುದು. ಅಮೆರಿಕದಲ್ಲಿ ಕಾರು ಮೊದಲ ಒಂದು ಅಡಿ ಉರುಳಿದ ಮೇಲೆಯೇ ಗಡಿಯಾರ ಶುರು ಮಾಡುವ ರೂಢಿಯಿದೆ. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ನ ಪ್ರಸಿದ್ಧ 1.99 ಸೆಕೆಂಡು ಬಂದದ್ದೂ ಹಾಗೆಯೇ. ಹ್ಯಾರಿಯರ್‌ನಂಥ ಕಾರಿಗೆ ಆ ಒಂದು ಅಡಿ ದಾಟಲು ಸುಮಾರು 0.37 ಸೆಕೆಂಡು ಬೇಕು! ಹೇಗೆ ಅಳೆದರು ಎಂದು ಕೇಳದೆ ಯಾವ ಕಂಪನಿಯ ಸೆಕೆಂಡನ್ನೂ ನಂಬಬಾರದು.

ಇನ್ನೊಂದು ಲೆಕ್ಕ ಇದಕ್ಕಿಂತ ಸೊಗಸಾಗಿದೆ. ಪ್ರಯಾಣಿಕರೂ ಸೇರಿ 2,200 ಕಿಲೊ ತೂಗುವ ವಾಹನವನ್ನು ನಿಂತಲ್ಲಿಂದ ನೂರಕ್ಕೆ ಒಯ್ಯಲು ಬೇಕಾದ ಚಲನಶಕ್ತಿ ಸುಮಾರು 8.5 ಲಕ್ಷ ಜೂಲ್. ಮನೆಯ ಮೀಟರಿನ ಭಾಷೆಯಲ್ಲಿ ಅದು ಕಾಲು ಯೂನಿಟ್ಟಿಗೂ ಕಡಿಮೆ. ಮಹೀಂದ್ರದ ಬ್ಯಾಟರಿಯಲ್ಲಿರುವುದು 79 ಯೂನಿಟ್, ಹ್ಯಾರಿಯರ್‌ನದರಲ್ಲಿ 75. ಆದ್ದರಿಂದ ಪಿಕಪ್ ನಿರ್ಧರಿಸುವುದು ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಇದೆ ಎಂಬುದಲ್ಲ, ಅದನ್ನು ಎಷ್ಟು ಬೇಗ ಸುರಿಯಬಲ್ಲದು ಎಂಬುದು.

ಇತಿಹಾಸ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಂಟೆಗೆ 100 ಕಿ.ಮೀ. ದಾಟಿದ ಜಗತ್ತಿನ ಮೊದಲ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು. 1899ರ ಏಪ್ರಿಲ್ 29ರಂದು ಪ್ಯಾರಿಸ್ ಬಳಿಯ ಅಶೇರ್‌ನಲ್ಲಿ ಬೆಲ್ಜಿಯಂನ ಕಮೀಯ್ ಝೆನಾಟ್ಜಿ ‘ಲಾ ಜಮೇ ಕಾಂತಾಂತ್’ ಎಂಬ ಸಿಡಿಗುಂಡಿನಾಕಾರದ ಕಾರನ್ನು 105.88 ಕಿ.ಮೀ. ವೇಗದಲ್ಲಿ ಓಡಿಸಿದ. ಅದಾಗಿ ಒಂದು ಶತಮಾನ ಕಳೆದ ಮೇಲೆ, 2001ರಲ್ಲಿ, ನಮ್ಮ ಬೆಂಗಳೂರಿನಿಂದ ಬಂದ ರೇವಾ ಪುಟ್ಟ, ನಿಧಾನದ ಕಾರಾಗಿತ್ತು. ಅದರ ಮೋಟಾರಿಗೂ ನಿಂತ ಸ್ಥಿತಿಯಿಂದಲೇ ಟಾರ್ಕ್ ಕೊಡುವ ಗುಣವಿತ್ತು, ಆದರೆ ಬೆನ್ನಿಗಿದ್ದದ್ದು ಭಾರವಾದ ಸೀಸ-ಆಮ್ಲ ಬ್ಯಾಟರಿ. 2010ರಲ್ಲಿ ರೇವಾ ಕಂಪನಿಯನ್ನು ಕೊಂಡದ್ದು ಇದೇ ಮಹೀಂದ್ರ. ಇಂದು ಎರಡೂ ಎಸ್‌ಯುವಿಗಳಲ್ಲಿರುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ.

ಈಗ ಮೋಟಾರುಗಳತ್ತ. ಮಹೀಂದ್ರದ ಹಿಂದಿನ ಚಕ್ರಗಳಿಗೆ ಒಂದೇ ಮೋಟಾರು, 210 ಕಿಲೊವ್ಯಾಟ್, 380 ನ್ಯೂಟನ್-ಮೀಟರ್. ಹ್ಯಾರಿಯರ್‌ಗೆ ಹಿಂದೆ 175, ಮುಂದೆ 116 ಕಿಲೊವ್ಯಾಟ್; ಒಟ್ಟು ಟಾರ್ಕ್ 504. ಕೂಡಿದರೆ 291 ಕಿಲೊವ್ಯಾಟ್, ಮಹೀಂದ್ರಕ್ಕಿಂತ 81 ಹೆಚ್ಚು. ಇಷ್ಟಿದ್ದೂ ಗೆಲುವು ಅರ್ಧ ಸೆಕೆಂಡಿನದೇ ಏಕೆ? ಎರಡು ಮೋಟಾರುಗಳ ಶಕ್ತಿಯನ್ನು ಕಾಗದದ ಮೇಲೆ ಕೂಡಿಸುವುದು ಸುಲಭ, ರಸ್ತೆಯಲ್ಲಿ ಮಾತ್ರ ಅವುಗಳಿಗೆ ಸಿಗುವುದು ಬ್ಯಾಟರಿ ಕೊಟ್ಟಷ್ಟೇ. ಮುಂದಿನ ಮೋಟಾರು ತನ್ನ ತೂಕವನ್ನೂ ಹೇರುತ್ತದೆ. ಟಾರ್ಕ್ ಅಂಕಿಗಳನ್ನು ನೇರವಾಗಿ ಹೋಲಿಸುವುದೂ ತಪ್ಪು: ಅವು ಮೋಟಾರಿನ ದಂಡದ ಮೇಲಿನವು, ಗೇರ್ ಅನುಪಾತದಿಂದ ಗುಣಿಸಿದ ಮೇಲೆ ಚಕ್ರಕ್ಕೆ ತಲಪುವುದು ಬೇರೆಯೇ.

ಹೊರಟ ಕ್ಷಣದಲ್ಲಿ ಇವೆಲ್ಲಕ್ಕಿಂತ ದೊಡ್ಡ ಮಾತು ಟೈರಿನ ಹಿಡಿತದ್ದು. ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ತೋಳಿನಲ್ಲಿ ಎಷ್ಟೇ ಬಲವಿದ್ದರೂ, ಅಂಗಳಕ್ಕೆ ನೀರು ಚೆಲ್ಲಿದರೆ ಜಟ್ಟಿಯೂ ಜಾರಿ ಮುಂದೆ ಬರುತ್ತಾನೆ. ಹಗ್ಗ ಹಿಡಿದವನ ಬಲವನ್ನು ತೀರ್ಮಾನಿಸುವುದು ಅಂಗಾಲು. ಇಬ್ಬರು ಎಳೆಯುವಾಗ ನೆಲಕ್ಕೆ ತಾಗಿದ್ದು ನಾಲ್ಕು ಅಂಗಾಲು, ನಾಲ್ವರು ಎಳೆದರೆ ಎಂಟು. ಅಷ್ಟೇ ಬಲವನ್ನು ಹೆಚ್ಚು ಅಂಗಾಲುಗಳು ಹಂಚಿಕೊಂಡರೆ ಜಾರುವ ಸಂಭವ ಇಳಿಯುತ್ತದೆ. ಒಣ ಡಾಂಬರಿನಲ್ಲಿ ಮಹೀಂದ್ರದ ಎರಡು ಚಕ್ರಗಳೇ ಸಾಕು. ಮಳೆಗಾಲದ ಶಿರಾಡಿ ಘಾಟಿಯಲ್ಲಿ, ಕೆಸರು ಹಿಡಿದ ತೋಟದ ದಾರಿಯಲ್ಲಿ ಘರ್ಷಣೆ ತಗ್ಗುತ್ತಲೇ ಆ ಚಕ್ರಗಳ ಶಕ್ತಿಯನ್ನು ಕಂಪ್ಯೂಟರ್ ಕಡಿತಗೊಳಿಸಬೇಕಾಗುತ್ತದೆ, ಹ್ಯಾರಿಯರ್ ಅದೇ ಎಳೆತವನ್ನು ನಾಲ್ಕಕ್ಕೆ ಹಂಚುತ್ತದೆ.

ಕೇರಳದ ವಾಗಮಣ್‌ನ ಎಲಿಫೆಂಟ್ ರಾಕ್ ಎಂಬ ಬಂಡೆಯನ್ನು ಹ್ಯಾರಿಯರ್ ಏರಿದ ಜಾಹೀರಾತು ಚಿತ್ರವನ್ನು ಹಲವರು ನೋಡಿರಬಹುದು. ಇಳಿಜಾರು 34 ಡಿಗ್ರಿ ಎಂಬುದು ಕಂಪನಿಯ ಮಾತು. ಅಂಥ ಏರಿನಲ್ಲಿ ನಾಲ್ಕೂ ಚಕ್ರ ಎಳೆದರೆ ಘರ್ಷಣಾಂಕ 0.67 ಇದ್ದರೆ ಸಾಕು, ಹಿಂದಿನೆರಡೇ ಎಳೆಯುವುದಾದರೆ ಅದು ಸುಮಾರು 1 ಆಗಿರಬೇಕು. ಸಾಮಾನ್ಯ ಟೈರಿಗೆ ಅಷ್ಟು ಹಿಡಿತ ದಕ್ಕುವುದು ಕಷ್ಟ. ಅಲ್ಲಿ ಗೆದ್ದದ್ದು ಕಿಲೊವ್ಯಾಟ್ ಅಲ್ಲ.

ಹ್ಯಾರಿಯರ್‌ನ ಮುಂದಿನ ಮೋಟಾರು ಇಂಡಕ್ಷನ್ ಬಗೆಯದು ಎಂಬುದೂ ಮೆಚ್ಚಬೇಕಾದ ಎಂಜಿನಿಯರಿಂಗ್. ಹಿಂದಿನದರಲ್ಲಿ ಶಾಶ್ವತ ಅಯಸ್ಕಾಂತವಿದೆ, ಸುಮ್ಮನೆ ತಿರುಗಿದರೂ ಅದು ತುಸು ತಡೆಯುತ್ತದೆ. ಇಂಡಕ್ಷನ್ ಮೋಟಾರಿನಲ್ಲಿ ಕರೆಂಟು ನಿಲ್ಲಿಸಿದೊಡನೆ ಕಾಂತಕ್ಷೇತ್ರವೇ ಇರುವುದಿಲ್ಲ, ಅದು ಹಗುರವಾಗಿ ಉರುಳುತ್ತದೆ. ಅದೇ 75 ಯೂನಿಟ್ ಬ್ಯಾಟರಿಯ ಎರಡು ಚಕ್ರದ ಹ್ಯಾರಿಯರ್‌ಗೆ ಪ್ರಮಾಣಿತ ರೇಂಜ್ 627 ಕಿ.ಮೀ., ನಾಲ್ಕು ಚಕ್ರದ್ದಕ್ಕೆ 622. ಕಳೆದುಕೊಂಡದ್ದು ಬರೀ ಐದು ಕಿಲೊಮೀಟರ್.

ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಬೇಕಾಗುವುದು ಸೊನ್ನೆಯಿಂದ ನೂರಲ್ಲ, 60ರಿಂದ 100. ಅಲ್ಲಿ ನಿರ್ಣಾಯಕವಾಗುವುದು ಟಾರ್ಕ್‌ಗಿಂತ ಕಿಲೊವ್ಯಾಟ್. ಮಹೀಂದ್ರದ ಮೋಟಾರು ನಿಮಿಷಕ್ಕೆ ಸುಮಾರು 5,300 ಸುತ್ತಿನವರೆಗೆ ಪೂರ್ತಿ ಟಾರ್ಕ್ ಹಿಡಿದಿಟ್ಟರೆ ಅಲ್ಲಿಗೆ ಅದರ 210 ಕಿಲೊವ್ಯಾಟ್ ಮುಗಿಯುತ್ತದೆ, ಆಮೇಲೆ ವೇಗ ಏರಿದಂತೆ ಎಳೆತ ಇಳಿಯುತ್ತದೆ. ಬ್ಯಾಟರಿ ಶೇ. 20ಕ್ಕೆ ಇಳಿದಾಗಲೂ ಈ ಓಟ ಎಷ್ಟು ಉಳಿಯುತ್ತದೆ ಎಂಬುದನ್ನು ಟೆಸ್ಟ್ ಡ್ರೈವ್‌ನಲ್ಲಿ ನೋಡಬೇಕು, ಏಕೆಂದರೆ ಕರಪತ್ರದ ಸೆಕೆಂಡುಗಳು ತುಂಬಿದ ಬ್ಯಾಟರಿಯ ಸೆಕೆಂಡುಗಳು.

ಹ್ಯಾರಿಯರ್‌ನ ಎಂಪವರ್ಡ್ ಶ್ರೇಣಿಯಲ್ಲಿ ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ ಹೋಗಲು ಬಿಡುಗಡೆಯ ಹೊತ್ತಿನಲ್ಲಿ ಒಂದೂವರೆ ಲಕ್ಷ ರೂಪಾಯಿ ಹೆಚ್ಚು ತೆರಬೇಕಿತ್ತು. ಮಲೆನಾಡಿನ, ಕೊಡಗಿನ ದಾರಿಗಳಲ್ಲಿ ವರ್ಷವಿಡೀ ಓಡಾಡುವವರಿಗೆ ಆ ಹಣ ಸಾರ್ಥಕ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಷ್ಟೇ ಓಡಿಸುವವರು ಬರಿಯ ಅರ್ಧ ಸೆಕೆಂಡಿಗಾಗಿ ಅದನ್ನು ಖರ್ಚು ಮಾಡಬೇಕಾಗಿಲ್ಲ.