ಕೆರೆಯ ಏರಿಯ ಮೇಲೊಂದು ಪಾಠ

ತುಮಕೂರು ಸೀಮೆಯವರಾದ ನಮಗೆ ಕಡಲ ತೀರವಿಲ್ಲ. ಮಂಗಳೂರಿನ ಬಂಧುಗಳು ಅಲೆಗಳಂಚಿನ ಕಡಲಕ್ಕಿಗಳನ್ನು ವರ್ಣಿಸುವಾಗ ಸುಮ್ಮನೆ ಕೇಳುವವರು ನಾವು. ಆದರೆ ನಮಗೂ ಒಂದು ತೀರವುಂಟು. ಅದು ಕೆರೆಯ ಏರಿ. ಕಳೆದ ಜನವರಿಯ ಒಂದು ಶನಿವಾರ ನಸುಕಿನಲ್ಲಿ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಕೆಲವು ಕುಟುಂಬಗಳು ಜೊತೆಗೂಡಿ, ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಗೆ ಹೋದೆವು. ಅಜ್ಜಿಯರಿಂದ ಮಕ್ಕಳವರೆಗೆ ಇಪ್ಪತ್ತೆರಡು ಮಂದಿ, ಎರಡು ದುರ್ಬೀನು, ಹಕ್ಕಿಗಳ ಚಿತ್ರಪುಸ್ತಕ ಒಂದೇ.

ಗುಬ್ಬಿಯಿಂದ ಬಂದ ಹಿರಿಯರೊಬ್ಬರು ತಮ್ಮ ಊರಿನ ಹೆಸರಿನ ಕಥೆಯನ್ನು ಮಕ್ಕಳಿಗೆ ಹೇಳಿದರು. ಹಿಂದೆ ಅಲ್ಲಿ ಪುರಾಣ ಪ್ರವಚನ ನಡೆಯುತ್ತಿದ್ದಾಗ ಜೋಡಿ ಗುಬ್ಬಿಗಳು ದಿನವೂ ಬಂದು ಕುಳಿತು ಆಲಿಸುತ್ತಿದ್ದವಂತೆ. ಪ್ರವಚನ ಮಾಡುವುದೇ ವೃತ್ತಿಯಾದ ನಾವು ಆ ಮಾತಿಗೆ ನಕ್ಕೆವು.

ಏರಿಯ ಮೇಲೆ ನಾವು ಮಾಡಿಕೊಂಡ ನಿಯಮ ಒಂದೇ: ಕಂಡದ್ದನ್ನು ಮಾತ್ರ ಬರೆಯಬೇಕು, ಎಣಿಸಿದಷ್ಟನ್ನೇ ಬರೆಯಬೇಕು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆದುಬರುತ್ತಿದೆ. ಹೂಳು, ಕೊಳಚೆ, ಒತ್ತುವರಿಗಳಿಂದ ಕೆರೆಯೊಂದು ಸೊರಗಿದಾಗ ಅದು ವರ್ಷದಿಂದ ವರ್ಷಕ್ಕೆ ಬದಲಾಗುವ ಈ ಲೆಕ್ಕಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಲೆಕ್ಕವೇ ಸುಳ್ಳಾದರೆ ಕೆರೆಯ ಪರವಾಗಿ ಸಾಕ್ಷಿ ಹೇಳುವವರಾರು?

ನಿಯಮ ಸುಲಭ, ಪಾಲನೆ ಕಷ್ಟ. ಹಣೆಯಲ್ಲಿ ಬಿಳಿ ಪಟ್ಟಿಯುಳ್ಳ ನಾಮದ ಕೋಳಿಗಳನ್ನು ಮೂರು ಬಾರಿ ಎಣಿಸಿದೆವು. ಮೂರು ಬಾರಿಯೂ ಬೇರೆ ಬೇರೆ ಸಂಖ್ಯೆ. ಅವು ಮುಳುಗುತ್ತವೆ, ಏಳುತ್ತವೆ, ಬೆರೆಯುತ್ತವೆ. "ನೂರು ಎಂದು ಬರೆದುಬಿಡಿ" ಎಂದು ಯಾರೋ ಅಂದರು. ಪುಸ್ತಕ ಹಿಡಿದಿದ್ದ ಎಂಟನೆಯ ತರಗತಿಯ ಹುಡುಗಿ ಒಪ್ಪಲಿಲ್ಲ.

ಅಷ್ಟರಲ್ಲಿ ನೀರಿನ ನಡುವಿನ ಒಣ ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಹರಡಿ ಬಿಸಿಲು ಕಾಯುತ್ತಿರುವುದು ಕಂಡಿತು. "ಹಾವಕ್ಕಿ" ಎಂದು ನಾವು ಗಟ್ಟಿಯಾಗಿ ಘೋಷಿಸಿದೆವು. ಹಿರಿಯರು ತಲೆಯಾಡಿಸಿದರು, ಗುರುಗಳ ಮಾತಲ್ಲವೇ! ಹುಡುಗಿ ದುರ್ಬೀನಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: "ಹಾವಕ್ಕಿಯ ಕೊಕ್ಕು ಭರ್ಜಿಯಂತೆ ನೇರವಾಗಿರುತ್ತದೆ, ಫಾದರ್. ಇದರ ತುದಿ ಬಾಗಿದೆ. ಕತ್ತೂ ಗಿಡ್ಡ. ಇದು ನೀರುಕಾಗೆ." ಕ್ಷಣಕಾಲ ಮೌನ. ಅವಳ ತಾಯಿ ಗದರಿಸಲು ಹೊರಟಿದ್ದರು. ನಾವು ದುರ್ಬೀನು ಪಡೆದು ನೋಡಿದೆವು. ಅದು ನೀರುಕಾಗೆಯೇ ಆಗಿತ್ತು.

ಸೆಮಿನರಿಯಲ್ಲಿ ಅರಿಸ್ಟಾಟಲನ ತತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದವರು ನಾವು. ಪ್ರಾಣಿಗಳನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಆ ಮಹಾಮೇಧಾವಿಯೂ, ಕೆಲವು ಅಂಬರಗುಬ್ಬಿಗಳು ಚಳಿಗಾಲದಲ್ಲಿ ವಲಸೆ ಹೋಗದೆ, ಗರಿಯುದುರಿಸಿಕೊಂಡು ಪೊಟರೆಗಳಲ್ಲಿ ಅಡಗಿರುತ್ತವೆಂದು ಬರೆದಿಟ್ಟನು. ದೊಡ್ಡವರ ಮಾತೆಂದು ಶತಮಾನಗಳವರೆಗೆ ಜನ ಅದನ್ನು ನಂಬಿದರು. 1899ರಲ್ಲಿ ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಮಾರ್ಟೆನ್ಸನ್ ಎಂಬಾತ ಹಕ್ಕಿಗಳ ಕಾಲಿಗೆ ಅಂಕೆಯುಳ್ಳ ಅಲ್ಯೂಮಿನಿಯಂ ಉಂಗುರ ತೊಡಿಸಿದ ಮೇಲೆ ಒಂದೊಂದು ಹಕ್ಕಿಯ ಪಯಣವನ್ನೂ ಗುರುತಿಸುವ ಬಗೆ ತಿಳಿಯಿತು. 1911ರಲ್ಲಿ ಇಂಗ್ಲೆಂಡಿನಲ್ಲಿ ಉಂಗುರ ತೊಟ್ಟ ಅಂಬರಗುಬ್ಬಿಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ದೊರೆಯಿತು. ಆ ಬೆಳಿಗ್ಗೆ ಕೆರೆಯ ಬಳಿಯ ತಂತಿಗಳ ಮೇಲೆ ಸಾಲಾಗಿ ಕುಳಿತಿದ್ದ ಅಂಬರಗುಬ್ಬಿಗಳೂ ಉತ್ತರದಿಂದ ಬಂದ ಅತಿಥಿಗಳೇ.

ಪುಸ್ತಕದಲ್ಲಿ 'ಹಾವಕ್ಕಿ' ಎಂಬುದನ್ನು ನಮ್ಮ ಕೈಯಿಂದಲೇ ಹೊಡೆದುಹಾಕಿ 'ನೀರುಕಾಗೆ, 1' ಎಂದು ಬರೆದೆವು. ಸಣ್ಣ ಕೆಲಸ, ಆದರೂ ಇಪ್ಪತ್ತೊಂದು ಜನರ ಎದುರಿನಲ್ಲಿ ಅದು ನಮಗೆ ಅಷ್ಟು ಸುಲಭವಾಗಲಿಲ್ಲ. ಮೂವತ್ತು ವರ್ಷಗಳಿಂದ ಪೀಠದ ಮೇಲೆ ನಿಂತು ಮಾತನಾಡಿದವರಿಗೆ ಯಾರೂ ಎದುರು ಹೇಳುವುದಿಲ್ಲ. ಕಾಲಕ್ರಮದಲ್ಲಿ ಹೇಳಿದ್ದೆಲ್ಲ ನಿಜವೆಂಬ ಭ್ರಮೆ ಅವರನ್ನು ಆವರಿಸುತ್ತದೆ. ಮನೆಗಳಲ್ಲಿ ತಂದೆತಾಯಿಗಳ ಸ್ಥಿತಿಯೂ ಇದಕ್ಕಿಂತ ಬೇರೆಯೇನಲ್ಲ. ಅಂದು ಆ ಮಗುವನ್ನು ಗದರಿಸಿದ್ದರೆ, ಸತ್ಯಕ್ಕಿಂತ ಹಿರಿಯರ ಮಾನ ದೊಡ್ಡದೆಂಬ ಪಾಠವನ್ನು ಅವಳು ಕಲಿತು ಮನೆಗೆ ಮರಳುತ್ತಿದ್ದಳು. ಗುಬ್ಬಿಯ ಕಥೆಗೆ ನಾವು ನಕ್ಕದ್ದು ಆಗ ನೆನಪಾಯಿತು.

ನಮ್ಮ ಜಿಲ್ಲೆಯ ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಕಾಯುತ್ತಾರೆ. ನಮ್ಮ ಮುಂದಿನ ಪ್ರಯಾಣ ಅಲ್ಲಿಗೆ. ಪ್ರಿಯ ಓದುಗರೇ, ಮಕ್ಕಳೊಡನೆ ನೀವೂ ಬನ್ನಿರಿ. ಲೆಕ್ಕದ ಪುಸ್ತಕ ಈ ಸಲವೂ ಆ ಹುಡುಗಿಯ ಕೈಯಲ್ಲಿಯೇ ಇರುತ್ತದೆ.